ಕಳಿಸಿದ್ದು ಒಂದೇ ಇಮೇಲ್, ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತಿದೆ. ಎಲ್ಲಿಂದ ಹುಡುಕೋದು?

ನೀಲಿಶಾಯಿ:
ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗಕ್ಕೆ ತಿಂಗಳಿಗೊಂದು ಪತ್ರವನ್ನು ಇಮೇಲ್‌ನಲ್ಲಿ ಕಳಿಸುತ್ತೇನೆ. ಬರಹ ಪೂರ್ತಿ ಕನ್ನಡ. ಮಧ್ಯೆ ಒಂದೆರಡು ಚಿತ್ರ, ಕೊನೆಗೆ ಒಂದು ಪಿಡಿಎಫ್. ವಿಷಯದ ಸಾಲು ಮಾತ್ರ ಇಂಗ್ಲಿಷ್‌ನಲ್ಲಿರುತ್ತದೆ. ಬರೆಯುವುದು ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್‌ನಲ್ಲಿ, ಸ್ವಲ್ಪ ಹಳೆಯ ಆವೃತ್ತಿ. ಖಾತೆ ಐಮ್ಯಾಪ್ (ಮೇಲ್ ಸರ್ವರ್‌ನಲ್ಲೇ ಉಳಿಯುವ ಬಗೆ). ಕಳಿಸಿದ ಮೇಲೆ ಸೆಂಟ್ ಫೋಲ್ಡರ್‌ನಲ್ಲಿ ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ.

ಆದರೆ ಬಳಗದವರು ಹೇಳುವುದೇ ಬೇರೆ. ಜಿಮೇಲ್‌ನವರಿಗೆ ಅಕ್ಷರವೆಲ್ಲ ಸರಿ, ಪತ್ರ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಮ್ ಬಳಸುವ ಒಬ್ಬರಿಗೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಮ್ಯಾಕ್ ಇರುವ ಒಬ್ಬರಿಗೆ ಪಿಡಿಎಫ್ ಬರುವುದೇ ಇಲ್ಲ, ಅದರ ಜಾಗದಲ್ಲಿ 'ವಿನ್‌ಮೇಲ್ ಡಾಟ್ ಡ್ಯಾಟ್' ಅನ್ನೋ ಕಡತ ಇರುತ್ತದೆ. ನಾನು ನಗುಮುಖ ಹಾಕಿದ ಕಡೆಯೆಲ್ಲ ಕೆಲವರಿಗೆ ಇಂಗ್ಲಿಷಿನ 'ಜೆ' ಕಾಣುತ್ತದಂತೆ. ಕಚೇರಿಯ ಮೇಲ್‌ನಲ್ಲಿ ಓದುವ ಒಬ್ಬರಿಗೆ ಮಾತ್ರ ಯಾವ ತೊಂದರೆಯೂ ಇಲ್ಲ.

ಎಲ್ಲರಿಗೂ ಒಂದೇ ಥರ ಕಾಣಬೇಕು ಅನ್ನೋ ಹಟ ನನಗಿಲ್ಲ. ಓದಲು ಆದರೆ ಸಾಕು. ಯಾವ ಸೆಟ್ಟಿಂಗ್ ಬದಲಿಸಬೇಕು ಹೇಳ್ತೀರಾ?

ಹೊಂಗೆಮರ:
ನೀಲಿಶಾಯಿ ಅವರೇ, ಸೆಟ್ಟಿಂಗ್ ಮುಟ್ಟುವ ಮುಂಚೆ ಒಂದು ಕೆಲಸ ಮಾಡಿ. ನೀವು ಹೇಳಿದ್ದು ಒಂದು ತೊಂದರೆಯಲ್ಲ, ನಾಲ್ಕು. ನಾಲ್ಕಕ್ಕೂ ಕಾರಣ ಬೇರೆ ಬೇರೆ ಇರುವಂತಿದೆ. ಒಟ್ಟಿಗೆ ಹತ್ತು ಸೆಟ್ಟಿಂಗ್ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಆಮೇಲೆ ಗೊತ್ತಾಗಲ್ಲ.

ಮೇಲ್ ಕೆಡುವುದು ಮೂರೇ ಕಡೆ. ಕಳಿಸುವ ಪ್ರೋಗ್ರಾಮ್ ಅದನ್ನು ಕಟ್ಟುವಾಗ, ದಾರಿಯಲ್ಲಿ ಯಾವುದಾದರೂ ಸರ್ವರ್ ಅದನ್ನು ಮುಟ್ಟಿದಾಗ, ಅಥವಾ ಓದುವ ಪ್ರೋಗ್ರಾಮ್ ತೋರಿಸುವಾಗ. ಎಲ್ಲಿ ಕೆಟ್ಟಿದೆ ಅಂತ ಮೊದಲು ತಿಳಿಯಬೇಕು. ಅದಕ್ಕೆ ಅವರಿಗೆ ತಲುಪಿದ ಮೇಲ್‌ನ ಮೂಲರೂಪ, ಅಂದರೆ ಸೋರ್ಸ್ ಬೇಕು. ಸ್ಕ್ರೀನ್‌ಶಾಟ್‌ನಿಂದ ಅರ್ಧ ಮಾತ್ರ ಗೊತ್ತಾಗುತ್ತದೆ. ಸುಮ್ನೆ ಫಾರ್ವರ್ಡ್ ಮಾಡಿಸಿಕೊಂಡರೂ ಪ್ರಯೋಜನವಿಲ್ಲ. ಫಾರ್ವರ್ಡ್ ಮಾಡುವಾಗ ಅವರ ಪ್ರೋಗ್ರಾಮ್ ಇಡೀ ಮೇಲನ್ನು ಹೊಸದಾಗಿ ಕಟ್ಟುತ್ತದೆ, ನಮಗೆ ಬೇಕಾದ ಗುರುತುಗಳು ಅಳಿಸಿಹೋಗುತ್ತವೆ.

ಜಿಮೇಲ್‌ನಲ್ಲಾದರೆ ಬ್ರೌಸರ್‌ನಲ್ಲಿ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ಆರಿಸಬೇಕು. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಮತ್ತು ಯು. ಮ್ಯಾಕ್‌ನ ಮೇಲ್‌ನಲ್ಲಿ 'ವ್ಯೂ' ಮೆನುವಿನ 'ಮೆಸೇಜ್' ಕೆಳಗೆ 'ರಾ ಸೋರ್ಸ್' ಇದೆ. ಕ್ಲಾಸಿಕ್ ಔಟ್‌ಲುಕ್ ಮಾತ್ರ ಇದರಲ್ಲಿ ಕಷ್ಟ. 'ಪ್ರಾಪರ್ಟೀಸ್' ಒಳಗೆ ಹೆಡರ್, ಅಂದರೆ ಮೇಲ್‌ನ ತಲೆಬರಹ ಸಿಗುತ್ತದೆ, ಒಳಗಿನ ಮೈ ಸಿಗುವುದಿಲ್ಲ. ಇದೇ ಕಾರಣಕ್ಕೆ ನಿಮ್ಮ ಸೆಂಟ್ ಫೋಲ್ಡರ್ ನೋಡಿ ಏನನ್ನೂ ತೀರ್ಮಾನಿಸಬೇಡಿ. ಅಲ್ಲಿ ನಿಮ್ಮ ಪ್ರತಿಯನ್ನು ನಿಮ್ಮದೇ ಪ್ರೋಗ್ರಾಮ್ ತೋರಿಸುತ್ತಿದೆ ಅಷ್ಟೇ.

ಸಂಜೆಗಾಳಿ:
ಮೂಲರೂಪ ಬರುವ ತನಕ ವಿನ್‌ಮೇಲ್ ವಿಷಯ ಹೇಳಿಬಿಡ್ತೀನಿ, ಅದು ಎಲ್ಲರಿಗೂ ಗೊತ್ತಿರುವ ಹಳೇ ಕಥೆ.

ಔಟ್‌ಲುಕ್‌ನಲ್ಲಿ ಮೂರು ರೂಪಗಳಿವೆ: ಪ್ಲೇನ್ ಟೆಕ್ಸ್ಟ್ (ಅಲಂಕಾರವಿಲ್ಲದ ಬರೀ ಅಕ್ಷರ), ಹೆಚ್‌ಟಿಎಮ್‌ಎಲ್ (ವೆಬ್ ಪುಟದ ರೂಪ), ರಿಚ್ ಟೆಕ್ಸ್ಟ್. ಮೂರನೆಯದು ಮೈಕ್ರೋಸಾಫ್ಟ್‌ನ ಸ್ವಂತ ರೂಪ. ರಿಚ್ ಟೆಕ್ಸ್ಟ್‌ನಲ್ಲಿ ಹೊರಗೆ ಕಳಿಸಿದಾಗ ಅಕ್ಷರದ ಅಲಂಕಾರ, ಲಗತ್ತು ಎಲ್ಲವನ್ನೂ ಟಿಎನ್‌ಇಎಫ್ ಅನ್ನೋ ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಆ ಗಂಟಿನ ಹೆಸರೇ ವಿನ್‌ಮೇಲ್ ಡಾಟ್ ಡ್ಯಾಟ್. ಬೇರೆ ಎಷ್ಟೋ ಪ್ರೋಗ್ರಾಮ್‌ಗಳಿಗೆ ಅದನ್ನು ಬಿಚ್ಚಲು ಬರುವುದಿಲ್ಲ. ನಿಮ್ಮ ಪಿಡಿಎಫ್ ಅದರೊಳಗೇ ಇದೆ.

'ಆಪ್ಷನ್ಸ್' ಒಳಗೆ 'ಮೇಲ್'ಗೆ ಹೋಗಿ, ಬರೆಯುವ ರೂಪ ಹೆಚ್‌ಟಿಎಮ್‌ಎಲ್ ಇದೆಯಾ ನೋಡಿ. ಅದೇ ಪುಟದ ಕೆಳಗೆ, ರಿಚ್ ಟೆಕ್ಸ್ಟ್ ಮೇಲ್ ಹೊರಗೆ ಹೋಗುವಾಗ ಹೆಚ್‌ಟಿಎಮ್‌ಎಲ್‌ಗೆ ಬದಲಿಸುವ ಆಯ್ಕೆ ಇದೆ, ಅದನ್ನೂ ಹಾಕಿ. ಆದರೆ ನಿಮಗೆ ತೊಂದರೆ ಒಬ್ಬರದ್ದೇ, ಅಲ್ವಾ? ಹಾಗಿದ್ದರೆ ಆ ಒಬ್ಬರ ಕಾಂಟ್ಯಾಕ್ಟ್‌ಗೆ ಮಾತ್ರ ರಿಚ್ ಟೆಕ್ಸ್ಟ್ ಅಂತ ಗುರುತಾಗಿರುವ ಸಾಧ್ಯತೆ ಜಾಸ್ತಿ. ಅವರ ವಿಳಾಸದ ಪ್ರಾಪರ್ಟೀಸ್‌ನಲ್ಲಿ 'ಇಂಟರ್ನೆಟ್ ಫಾರ್ಮ್ಯಾಟ್' ನೋಡಿ. ಟೈಪ್ ಮಾಡುವಾಗ ತಾನಾಗೇ ಬರುವ ವಿಳಾಸದ ಪಟ್ಟಿಯಿಂದಲೂ ಅವರನ್ನು ಒಮ್ಮೆ ಅಳಿಸಿ. ಹಳೆಯ ಗುರುತು ಅಲ್ಲೂ ಉಳಿದಿರುತ್ತದೆ.

ಜೆ ಬಗ್ಗೆ ಹೇಳಬೇಕೆಂದರೆ, ಕೋಲನ್ ಮತ್ತು ಕಂಸ ಒತ್ತಿದಾಗ ಹಳೆಯ ಔಟ್‌ಲುಕ್ ಅದನ್ನು ವಿಂಗ್‌ಡಿಂಗ್ಸ್ ಫಾಂಟ್‌ನ ಜೆ ಅಕ್ಷರಕ್ಕೆ ಬದಲಿಸುತ್ತದೆ. ಆ ಫಾಂಟ್‌ನಲ್ಲಿ ಜೆ ಜಾಗದಲ್ಲಿ ನಗುಮುಖ ಇದೆ. ಆ ಫಾಂಟ್ ಇಲ್ಲದ ಕಡೆ, ಅಥವಾ ಫಾಂಟ್ ಹೆಸರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಡೆ ಬರೀ ಜೆ ಉಳಿಯುತ್ತದೆ. 'ಆಟೋಕರೆಕ್ಟ್' ಪಟ್ಟಿಯಿಂದ ಆ ಸಾಲು ತೆಗೆದು, ನಿಜವಾದ ಇಮೋಜಿ ಬಳಸಿ. ಇಮೋಜಿಗೆ ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಟ್ಟ ಪಟ್ಟಿ) ತನ್ನದೇ ಸಂಖ್ಯೆ ಇದೆ.

ನೀಲಿಶಾಯಿ:
ಸಂಜೆಗಾಳಿ ಅವರೇ, ನೀವು ಹೇಳಿದ ಹಾಗೇ ಇತ್ತು. ಆ ಒಬ್ಬರ ಕಾಂಟ್ಯಾಕ್ಟ್‌ನಲ್ಲಿ ಮಾತ್ರ ರಿಚ್ ಟೆಕ್ಸ್ಟ್. ಬದಲಿಸಿ ಪರೀಕ್ಷೆಗೆ ಒಂದು ಮೇಲ್ ಕಳಿಸಿದೆ, ಪಿಡಿಎಫ್ ಸರಿಯಾಗಿ ತೆರೆಯಿತಂತೆ. ತುಂಬಾ ಥ್ಯಾಂಕ್ಸ್.

ಥಂಡರ್‌ಬರ್ಡ್‌ನವರಿಂದ ಮೂಲರೂಪವೂ ಬಂತು. ಅದರಲ್ಲಿ ಒಂದೇ ಪತ್ರ ಎರಡು ಸಲ ಇದೆ. ಮೊದಲು 'ಟೆಕ್ಸ್ಟ್ ಪ್ಲೇನ್' ಅಂತ ಒಂದು ಭಾಗ, ಅದರಲ್ಲಿ ಬರೀ ಪ್ರಶ್ನಾರ್ಥಕಗಳು. ಆಮೇಲೆ 'ಟೆಕ್ಸ್ಟ್ ಹೆಚ್‌ಟಿಎಮ್‌ಎಲ್' ಭಾಗ. ಅದರಲ್ಲಿ ಕನ್ನಡದ ಬದಲು 3221 ಥರದ ಅಂಕಿಗಳು ಸಾಲಾಗಿವೆ, ಪ್ರತಿಯೊಂದರ ಮುಂದೆ ಆಂಪರ್‌ಸ್ಯಾಂಡ್ ಮತ್ತು ಹ್ಯಾಶ್. ಎರಡೂ ಕಡೆ ಚಾರ್‌ಸೆಟ್ ಅಂತ ಇರುವಲ್ಲಿ ವಿಂಡೋಸ್-1252 ಎಂದಿದೆ. ಅವರು ಥಂಡರ್‌ಬರ್ಡ್‌ನಲ್ಲಿ ಪ್ಲೇನ್ ಟೆಕ್ಸ್ಟ್ ಮಾತ್ರ ಕಾಣುವ ಹಾಗೆ ಇಟ್ಟುಕೊಂಡಿದ್ದಾರಂತೆ.

ಹೊಂಗೆಮರ:
ಉತ್ತರ ನಿಮ್ಮ ಕೈಗೇ ಸಿಕ್ಕಿದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕನ್ನಡದಲ್ಲಿ ಮೇಲ್ ಬರೆಯುವ ಎಲ್ಲರಿಗೂ ಇದು ಬೇಕಾಗುತ್ತದೆ.

ಇಮೇಲ್‌ನ ಮೂಲ ನಿಯಮಗಳು 1982ರವು. ಆಗ ಮೇಲ್‌ನಲ್ಲಿ ಹೋಗುತ್ತಿದ್ದುದು 7 ಬಿಟ್‌ನ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ ಮಾತ್ರ. ಬೇರೆ ಲಿಪಿ, ಚಿತ್ರ, ಲಗತ್ತು ಇವೆಲ್ಲ 1990ರ ದಶಕದಲ್ಲಿ ಮೈಮ್ ಎಂಬ ಪದ್ಧತಿಯ ಮೂಲಕ ಬಂದವು. ಮೈಮ್ ಪ್ರಕಾರ ಮೇಲ್‌ನ ಪ್ರತಿ ಭಾಗವೂ ತಾನು ಏನು, ತನ್ನ ಅಕ್ಷರಗಳು ಯಾವ ಪಟ್ಟಿಯವು, ದಾರಿಗಾಗಿ ತನ್ನನ್ನು ಹೇಗೆ ಕಟ್ಟಲಾಗಿದೆ ಅಂತ ತಲೆಬರಹದಲ್ಲಿ ಹೇಳಿಕೊಳ್ಳಬೇಕು. ಒಂದೇ ಪತ್ರವನ್ನು ಪ್ಲೇನ್ ಮತ್ತು ಹೆಚ್‌ಟಿಎಮ್‌ಎಲ್ ಎರಡೂ ರೂಪದಲ್ಲಿ ಕಳಿಸುವ ಏರ್ಪಾಡಿಗೆ ಮಲ್ಟಿಪಾರ್ಟ್ ಆಲ್ಟರ್ನೇಟಿವ್ ಅನ್ನುತ್ತಾರೆ. ಓದುವ ಪ್ರೋಗ್ರಾಮ್ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ.

ನಿಮ್ಮ ಔಟ್‌ಲುಕ್ ವಿಂಡೋಸ್-1252ರಲ್ಲಿ ಕಳಿಸುತ್ತಿದೆ. ಅದು ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರಪಟ್ಟಿ, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹೆಚ್‌ಟಿಎಮ್‌ಎಲ್ ಭಾಗದಲ್ಲಿ ಬಚಾವಾಗುವ ದಾರಿ ಒಂದಿದೆ: ಅಕ್ಷರದ ಬದಲು ಅದರ ಯೂನಿಕೋಡ್ ಸಂಖ್ಯೆ ಬರೆಯಬಹುದು. ನೀವು ಕಂಡ 3221 ಅಂದರೆ 'ಕ'. ಪ್ಲೇನ್ ಟೆಕ್ಸ್ಟ್‌ನಲ್ಲಿ ಆ ದಾರಿ ಇಲ್ಲ. ಹಾಗಾಗಿ ಪಟ್ಟಿಯಲ್ಲಿಲ್ಲದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಬಿತ್ತು. ನಿಮ್ಮ ಬಳಗದಲ್ಲಿ ಹೆಚ್‌ಟಿಎಮ್‌ಎಲ್ ನೋಡುವವರಿಗೆಲ್ಲ ಸರಿ ಕಂಡಿದ್ದು, ಪ್ಲೇನ್ ನೋಡುವ ಒಬ್ಬರಿಗೆ ಮಾತ್ರ ಕೆಟ್ಟಿದ್ದು ಇದಕ್ಕೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಪ್ರಶ್ನಾರ್ಥಕ ಬಿದ್ದಿದ್ದರೆ ಆ ಬರಹ ಹೋಯಿತು ಅಂತಲೇ ಅರ್ಥ. ಓದುವವರು ಎನ್‌ಕೋಡಿಂಗ್ (ಅಕ್ಷರಪಟ್ಟಿಯ ಆಯ್ಕೆ) ಎಷ್ಟು ಬದಲಿಸಿದರೂ ವಾಪಸ್ ಬರುವುದಿಲ್ಲ. ಚೌಕಗಳು ಕಂಡರೆ ಬರಹ ಕ್ಷೇಮ, ಫಾಂಟ್ ಮಾತ್ರ ಇಲ್ಲ. ಲ್ಯಾಟಿನ್ ಅಕ್ಷರಗಳ ರಾಶಿ ಕಂಡರೆ ಬಹುಮಟ್ಟಿಗೆ ಬರಹ ಒಳಗಿದೆ, ಓದುವ ಪಟ್ಟಿ ತಪ್ಪಿದೆ. ಈ ಮೂರನ್ನೂ 'ಅಕ್ಷರ ಬರ್ತಿಲ್ಲ' ಅಂತ ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಎಷ್ಟೋ ಜನ ತಪ್ಪು ಜಾಗದಲ್ಲಿ ಹುಡುಕುತ್ತಾರೆ.

ಮಾಡಬೇಕಾದ್ದು ಇಷ್ಟು. ಔಟ್‌ಲುಕ್‌ನ 'ಆಪ್ಷನ್ಸ್', 'ಅಡ್ವಾನ್ಸ್ಡ್', ಅದರಲ್ಲಿ 'ಇಂಟರ್‌ನ್ಯಾಷನಲ್ ಆಪ್ಷನ್ಸ್'. ಹೊರಗೆ ಹೋಗುವ ಮೇಲ್‌ನ ಎನ್‌ಕೋಡಿಂಗ್ ಯುಟಿಎಫ್-8 ಅಂತ ಆರಿಸಿ. ಅದು ಯೂನಿಕೋಡ್ ಅಕ್ಷರಗಳನ್ನೆಲ್ಲ ಬರೆಯಬಲ್ಲ ರೂಪ, ಕನ್ನಡವೂ ಅದರಲ್ಲಿ ಹಿಡಿಸುತ್ತದೆ.

ನೀಲಿಶಾಯಿ:
ಯುಟಿಎಫ್-8 ಮಾಡಿದೆ. ಥಂಡರ್‌ಬರ್ಡ್‌ನವರಿಗೆ ಈಗ ಕನ್ನಡ ಸ್ವಚ್ಛವಾಗಿ ಬಂದಿದೆ! ಆಶ್ಚರ್ಯ ಅಂದರೆ ಜಿಮೇಲ್‌ನಲ್ಲಿ ಪತ್ರ ಮೊದಲಿಗಿಂತ ಜಾಸ್ತಿ ಕಾಣುತ್ತಿದೆ, ಕೊನೆಯ ಸ್ವಲ್ಪ ಮಾತ್ರ ಕತ್ತರಿಸಿಹೋಗುತ್ತದೆ.

ಆದರೆ ಹೊಸ ತೊಂದರೆ ಶುರುವಾಗಿದೆ. ಇಷ್ಟು ದಿನ ಚೆನ್ನಾಗಿ ಓದುತ್ತಿದ್ದ ಕಚೇರಿ ಮೇಲ್‌ನವರಿಗೆ ಈಗ ಪೂರ್ತಿ ಗೊಂದಲ. ತಲೆಯ ಮೇಲೆ ಓರೆಗೆರೆ ಇರುವ ಸಣ್ಣ 'ಎ', ಪಕ್ಕದಲ್ಲಿ ಮೇಲಕ್ಕೆ ಬರೆದ ಸಣ್ಣ 2 ಅಥವಾ 3, ಆಮೇಲೆ ಯಾವುದೋ ಚಿಹ್ನೆ. ಇದೇ ಮತ್ತೆ ಮತ್ತೆ. ಅವರು 'ಮೊದಲಿನ ಹಾಗೇ ಕಳಿಸಿ' ಅನ್ನುತ್ತಿದ್ದಾರೆ. ವಾಪಸ್ ಬದಲಿಸಲಾ?

ಕಾಜಾಣ:
ಒಬ್ಬರಿಗೋಸ್ಕರ ಹಿಂದಕ್ಕೆ ಹೋಗೋದಾದರೆ ಥಂಡರ್‌ಬರ್ಡ್‌ನವರಿಗೆ ಮತ್ತೆ ಪ್ರಶ್ನಾರ್ಥಕ. ಅವರಿಬ್ಬರಿಗೂ ಬೇರೆ ಬೇರೆ ಮೇಲ್ ಕಳಿಸಬಹುದಲ್ವಾ?

ಹೊಂಗೆಮರ:
ವಾಪಸ್ ಹೋಗಬೇಡಿ, ಬೇರೆ ಬೇರೆ ಕಳಿಸುವುದೂ ಬೇಡ. ಈಗ ನೀವು ಕಳಿಸುತ್ತಿರುವುದೇ ಸರಿಯಾದ ರೂಪ.

ಆ ಓರೆಗೆರೆಯ ಎ ಮತ್ತು ಸಣ್ಣ 2, 3 ತುಂಬಾ ಒಳ್ಳೆಯ ಸುಳಿವು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ 3 ಬೈಟ್. ಮೊದಲ ಬೈಟ್ ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅದೇ ಬೈಟ್‌ಗಳನ್ನು ವಿಂಡೋಸ್-1252 ಅಂದುಕೊಂಡು ಓದಿದರೆ ಮೊದಲನೆಯದು ಓರೆಗೆರೆಯ ಎ ಆಗುತ್ತದೆ, ಎರಡನೆಯದು ಮೇಲೆ ಬರೆದ 2 ಅಥವಾ 3 ಆಗುತ್ತದೆ. ಹಾಗಾಗಿ ಈ ಜೋಡಿ ಸಾಲಾಗಿ ಕಂಡರೆ ಕಣ್ಣುಮುಚ್ಚಿ ಹೇಳಬಹುದು: ಒಳಗಿರುವುದು ಸರಿಯಾದ ಕನ್ನಡ, ಓದುತ್ತಿರುವ ಪಟ್ಟಿ ತಪ್ಪು.

ಮೊದಲು ಅವರಿಗೆ ಸರಿ ಕಾಣುತ್ತಿದ್ದುದಕ್ಕೂ ಕಾರಣ ಇದೆ. ಆಗ ಹೆಚ್‌ಟಿಎಮ್‌ಎಲ್‌ನಲ್ಲಿ ಇದ್ದುದು ಬರೀ ಅಂಕಿಗಳು. ಅಂಕಿಗಳು ಆಸ್ಕಿ, ಯಾವ ಪಟ್ಟಿಯಲ್ಲಿ ಓದಿದರೂ ಕೆಡುವುದಿಲ್ಲ. ಅವರ ಕಡೆ ಮೊದಲಿನಿಂದ ಇದ್ದ ದೋಷ ಹೊರಗೆ ಕಾಣುತ್ತಿರಲಿಲ್ಲ. ಈಗ ನಿಜವಾದ ಕನ್ನಡ ಬೈಟ್‌ಗಳು ಹೋಗುತ್ತಿವೆ, ದೋಷ ಕಾಣುತ್ತಿದೆ.

ಅವರ ಪ್ರತಿಯ ಮೂಲರೂಪ ತರಿಸಿ. ಅದೇ ಮೇಲ್‌ನ ಜಿಮೇಲ್ ಪ್ರತಿಯನ್ನೂ ಇಟ್ಟುಕೊಂಡು ಪಕ್ಕಪಕ್ಕ ನೋಡಿ. ಮುಖ್ಯವಾಗಿ 'ಕಂಟೆಂಟ್-ಟೈಪ್' ಸಾಲು. ಪತ್ರದ ಕೊನೆಯಲ್ಲಿ ನೀವು ಬರೆಯದ ಯಾವುದಾದರೂ ಸಾಲು ಸೇರಿದೆಯಾ ಅಂತಲೂ ನೋಡಿ.

ನೀಲಿಶಾಯಿ:
ಸೇರಿದೆ! 'ಈ ಮೇಲ್ ಸಂಸ್ಥೆಯ ಹೊರಗಿನಿಂದ ಬಂದಿದೆ, ಎಚ್ಚರಿಕೆಯಿಂದ ಲಿಂಕ್ ಒತ್ತಿ' ಅಂತ ಇಂಗ್ಲಿಷ್‌ನಲ್ಲಿ ಒಂದು ಪ್ಯಾರಾ. ಜಿಮೇಲ್ ಪ್ರತಿಯಲ್ಲಿ ಚಾರ್‌ಸೆಟ್ ಯುಟಿಎಫ್-8 ಇದೆ, ಅವರ ಪ್ರತಿಯಲ್ಲಿ ವಿಂಡೋಸ್-1252. ಕನ್ನಡ ಭಾಗದ ಬೈಟ್‌ಗಳು ಎರಡರಲ್ಲೂ ಒಂದೇ ಥರ ಇವೆ.

ಹೊಂಗೆಮರ:
ಹಾಗಿದ್ದರೆ ಪತ್ತೆಯಾಯಿತು. ಅವರ ಕಚೇರಿಯ ಬಾಗಿಲಲ್ಲಿರುವ ಮೇಲ್ ಗೇಟ್‌ವೇ (ಹೊರಗಿನ ಮೇಲನ್ನು ಒಳಗೆ ಬಿಡುವ ಸರ್ವರ್) ಎಚ್ಚರಿಕೆಯ ಸಾಲು ಸೇರಿಸುತ್ತಿದೆ. ಸೇರಿಸುವಾಗ ತಲೆಬರಹದ ಅಕ್ಷರಪಟ್ಟಿಯನ್ನು ತನ್ನದಕ್ಕೆ ಬದಲಿಸಿ, ಒಳಗಿನ ಬೈಟ್‌ಗಳನ್ನು ಹಾಗೇ ಬಿಟ್ಟಿದೆ. ಬದಲಿಸುವುದಾದರೆ ಎರಡನ್ನೂ ಬದಲಿಸಬೇಕಿತ್ತು.

ಅವರ ಐಟಿ ವಿಭಾಗಕ್ಕೆ ಬರೆಯುವಾಗ 'ಕನ್ನಡ ಕಾಣಲ್ಲ' ಅಂತ ಮಾತ್ರ ಬರೆದರೆ 'ಫಾಂಟ್ ಹಾಕಿಕೊಳ್ಳಿ' ಅನ್ನೋ ಉತ್ತರ ಬಂದೀತು. ಎರಡೂ ಪ್ರತಿಗಳನ್ನು ಇಎಮ್‌ಎಲ್ (ಇಡೀ ಮೇಲ್‌ನ ಮೂಲರೂಪ ಇರುವ) ಕಡತವಾಗಿ ಲಗತ್ತಿಸಿ, ಬದಲಾದ ಆ ಒಂದು ಸಾಲನ್ನು ತೋರಿಸಿ. ಇನ್ನೊಂದು ಸಾಕ್ಷಿಯೂ ಇರಬಹುದು. ಈಗ ಬಹಳಷ್ಟು ಮೇಲ್ ಸರ್ವರ್‌ಗಳು ಹೊರಡುವ ಮೇಲ್‌ಗೆ ಡಿಕೆಐಎಮ್ ಸಹಿ ಹಾಕುತ್ತವೆ. ಇದು ಲಕೋಟೆ ಮೇಲಿನ ಅರಗಿನ ಮುದ್ರೆ ಇದ್ದ ಹಾಗೆ, ಒಳಗಿನ ಬರಹ ಬದಲಾದರೆ ಮುದ್ರೆ ತಾಳೆಯಾಗುವುದಿಲ್ಲ. 'ಅಥೆಂಟಿಕೇಶನ್-ರಿಸಲ್ಟ್ಸ್' ಸಾಲಿನಲ್ಲಿ ಡಿಕೆಐಎಮ್ ಫೇಲ್, ಬಾಡಿ ಹ್ಯಾಶ್ (ಮೈಯ ಬರಹದಿಂದ ಲೆಕ್ಕ ಹಾಕಿದ ಗುರುತು) ಹೊಂದಲಿಲ್ಲ ಅಂತ ಇದ್ದರೆ ದಾರಿಯಲ್ಲಿ ಮೈ ಬದಲಾಗಿದೆ ಅಂತ ಅರ್ಥ. ಪಾಸ್ ಅಂತ ಇದ್ದರೆ ಮಾತ್ರ ಅವಸರ ಬೇಡ. ಗೇಟ್‌ವೇ ಮೊದಲು ಸಹಿ ಪರೀಕ್ಷಿಸಿ ಆಮೇಲೆ ಸಾಲು ಸೇರಿಸಿದ್ದರೂ ಪಾಸ್ ಅಂತಲೇ ಬರೆದಿರುತ್ತದೆ.

ಅದು ಸರಿಯಾಗುವ ತನಕ ಅವರು ತಮ್ಮ ಪ್ರೋಗ್ರಾಮ್‌ನಲ್ಲಿ ಎನ್‌ಕೋಡಿಂಗನ್ನು ಕೈಯಾರೆ ಯುಟಿಎಫ್-8 ಮಾಡಿ ಓದಬಹುದು. ಕ್ಲಾಸಿಕ್ ಔಟ್‌ಲುಕ್‌ನಲ್ಲಾದರೆ ಮೇಲ್ ತೆರೆದು 'ಆಕ್ಷನ್ಸ್' ಕೆಳಗಿನ 'ಅದರ್ ಆಕ್ಷನ್ಸ್'ನಲ್ಲಿ 'ಎನ್‌ಕೋಡಿಂಗ್' ಸಿಗುತ್ತದೆ. ಥಂಡರ್‌ಬರ್ಡ್‌ನ ಈಚಿನ ಆವೃತ್ತಿಗಳಲ್ಲಿ ಇದೇ ಕೆಲಸಕ್ಕೆ 'ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್' ಇದೆ.

ಸಂಜೆಗಾಳಿ:
ಜಿಮೇಲ್ ಕತ್ತರಿಸುವುದಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ. ಹೆಚ್‌ಟಿಎಮ್‌ಎಲ್ ಸುಮಾರು 102 ಕಿಲೋಬೈಟ್ ದಾಟಿದರೆ ಜಿಮೇಲ್ ಅಲ್ಲಿಗೇ ನಿಲ್ಲಿಸಿ, ಪೂರ್ತಿ ನೋಡಲು ಲಿಂಕ್ ಕೊಡುತ್ತದೆ. ಅಂಕಿಯಾಗಿ ಬರೆದ 'ಕ' 7 ಬೈಟ್, ಯುಟಿಎಫ್-8ರ 'ಕ' 3 ಬೈಟ್. ಅದಕ್ಕೇ ಈಗ ಜಾಸ್ತಿ ಕಾಣುತ್ತಿದೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ 'ಸ್ತ್ರೀ' ಒಳಗೆ 6 ಯೂನಿಕೋಡ್ ಸಂಕೇತಗಳಿವೆ, ಅಂದರೆ 18 ಬೈಟ್. ಇಂಗ್ಲಿಷ್ ಪತ್ರ ಆರಾಮಾಗಿ ಹಿಡಿಸುವ ಜಾಗದಲ್ಲಿ ಕನ್ನಡ ಪತ್ರ ಹಿಡಿಸದಿರುವುದು ಹೀಗೆ.

ಉಳಿದ ಭಾರ ಬಹುಶಃ ವರ್ಡ್‌ನಿಂದ ಬಂದ ಸ್ಟೈಲ್‌ಗಳದ್ದು. ವರ್ಡ್ ಕಡತದಿಂದ ಅಂಟಿಸುತ್ತಿದ್ದರೆ 'ಕೀಪ್ ಟೆಕ್ಸ್ಟ್ ಓನ್ಲಿ' ಬಳಸಿ ಅಂಟಿಸಿ, ಆಮೇಲೆ ಬೇಕಾದಷ್ಟು ಮಾತ್ರ ಅಲಂಕಾರ ಮಾಡಿ.

ಬೆಳ್ಳಕ್ಕಿ:
ನನ್ನದು ಉಲ್ಟಾ ಕಥೆ. ನಾನು ಮ್ಯಾಕ್‌ನ ಮೇಲ್‌ನಿಂದ ಕಳಿಸುತ್ತೇನೆ. ಚಿತ್ರದ ಕೆಳಗೆ ಬರೆದ ಬರಹ ಔಟ್‌ಲುಕ್‌ನವರಿಗೆ 'ಎಟಿಟಿ00001' ಅನ್ನೋ ಲಗತ್ತಾಗಿ ಹೋಗುತ್ತಿದೆ. ಅವರು ವೈರಸ್ ಅಂದುಕೊಂಡು ತೆರೆಯುವುದೇ ಇಲ್ಲ.

ಸಂಜೆಗಾಳಿ:
ಬೆಳ್ಳಕ್ಕಿ ಅವರೇ, ಮ್ಯಾಕ್‌ನ ಮೇಲ್ ಬರಹದ ಮಧ್ಯೆ ಲಗತ್ತು ಬಂದರೆ ಬರಹವನ್ನೇ ತುಂಡು ಮಾಡುತ್ತದೆ: ಬರಹ, ಲಗತ್ತು, ಮತ್ತೆ ಬರಹ. ಮೈಮ್ ನಿಯಮದ ಪ್ರಕಾರ ಇದು ಸರಿಯೇ. ಔಟ್‌ಲುಕ್ ಮಾತ್ರ ಮೊದಲ ತುಂಡನ್ನು ಪತ್ರ ಅಂತ ತೆಗೆದುಕೊಂಡು ಉಳಿದದ್ದನ್ನು ಲಗತ್ತು ಅನ್ನುತ್ತದೆ. 'ಎಡಿಟ್' ಮೆನುವಿನ 'ಅಟ್ಯಾಚ್‌ಮೆಂಟ್ಸ್' ಕೆಳಗೆ, ಲಗತ್ತುಗಳನ್ನು ಕೊನೆಗೆ ಸೇರಿಸುವ ಆಯ್ಕೆ ಇದೆ. ಅದನ್ನು ಹಾಕಿಕೊಳ್ಳಿ.

ಕಾಜಾಣ:
ನನ್ನದೂ ಒಂದು ಇದೆ. ಸಣ್ಣ ಸ್ಕ್ರಿಪ್ಟ್ ಬರೆದು ಕನ್ನಡ ವಿಷಯದ ಸಾಲಿನ ಜೊತೆ ಮೇಲ್ ಕಳಿಸುತ್ತೇನೆ. ಸಣ್ಣ ಶೀರ್ಷಿಕೆ ಎಲ್ಲ ಕಡೆ ಸರಿ. ಉದ್ದ ಆದರೆ ಕೆಲವು ಪ್ರೋಗ್ರಾಮ್‌ಗಳಲ್ಲಿ ಮಧ್ಯದ ಒಂದು ಅಕ್ಷರ ಮಾತ್ರ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಆಗುತ್ತದೆ. ಜಿಮೇಲ್‌ನಲ್ಲಿ ಏನೂ ಆಗಲ್ಲ.

ಹೊಂಗೆಮರ:
ವಿಷಯದ ಸಾಲಿಗೆ ಬೇರೆಯದೇ ನಿಯಮ. ಹೆಡರ್‌ನಲ್ಲಿ ಕನ್ನಡ ಹಾಕಬೇಕಾದರೆ ಆಸ್ಕಿಗೆ ಬದಲಿಸಿ ತುಂಡುಗಳಾಗಿ ಬರೆಯಬೇಕು. ಒಂದು ತುಂಡು 75 ಅಕ್ಷರ ಮೀರುವ ಹಾಗಿಲ್ಲ. ಬೈಟ್‌ಗಳನ್ನು ಆಸ್ಕಿ ಅಕ್ಷರಗಳಾಗಿ ಬರೆಯುವ ಬೇಸ್64 ಪದ್ಧತಿ ಬಳಸಿದರೆ ಅದರಲ್ಲಿ ಹಿಡಿಸುವುದು 45 ಬೈಟ್, ಅಂದರೆ ಕನ್ನಡದ 15 ಸಂಕೇತಗಳು. ಒತ್ತು, ಕಾಗುಣಿತ ಎಲ್ಲ ಲೆಕ್ಕಕ್ಕೆ ಬರುವುದರಿಂದ ಎರಡು ಮೂರು ಪದಕ್ಕೇ ತುಂಡು ತುಂಬುತ್ತದೆ. ಒಂದು ಅಕ್ಷರದ 3 ಬೈಟ್‌ಗಳನ್ನು ಎರಡು ತುಂಡಿಗೆ ಹಂಚಬಾರದು ಅಂತಲೂ ನಿಯಮವಿದೆ. ನಿಮ್ಮ ಸ್ಕ್ರಿಪ್ಟ್ ಬೈಟ್ ಎಣಿಸಿ ಕತ್ತರಿಸುತ್ತಿರಬೇಕು. ಜಿಮೇಲ್ ತುಂಡುಗಳನ್ನು ಜೋಡಿಸಿ ಆಮೇಲೆ ಓದುತ್ತಿರಬಹುದು, ಉಳಿದವು ತುಂಡು ತುಂಡಾಗಿಯೇ ಓದುತ್ತವೆ. ಕೈಯಿಂದ ಕತ್ತರಿಸುವುದು ಬಿಟ್ಟು ನಿಮ್ಮ ಭಾಷೆಯ ಸಿದ್ಧ ಮೇಲ್ ಲೈಬ್ರರಿಗೆ ಆ ಕೆಲಸ ಕೊಡಿ. ಪೈಥಾನ್ ಆದರೆ 'ಇಮೇಲ್‌ಮೆಸೇಜ್' ಇದೆ.

ಬೆಳ್ಳಕ್ಕಿ:
ಲಗತ್ತಿನ ತೊಂದರೆ ಹೋಯಿತು, ಧನ್ಯವಾದ. ನೀಲಿಶಾಯಿ ಅವರ ಚಿತ್ರಗಳ ಬಗ್ಗೆ ಒಂದು ಮಾತು. ವಿಂಡೋಸ್‌ನ ಔಟ್‌ಲುಕ್ 2007ರಿಂದ ಹೆಚ್‌ಟಿಎಮ್‌ಎಲ್ ತೋರಿಸಲು ವರ್ಡ್‌ನ ಎಂಜಿನ್ ಬಳಸುತ್ತದೆ. ಹೊಸ ಔಟ್‌ಲುಕ್ ಮಾತ್ರ ಬ್ರೌಸರ್ ಥರ ತೋರಿಸುತ್ತದೆ. ಹಾಗಾಗಿ ಬೇರೆ ಕಡೆ ಪರದೆಗೆ ತಕ್ಕಂತೆ ಚಿಕ್ಕದಾಗುವ ಚಿತ್ರ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ದೊಡ್ಡದಾಗಿ ಹರಡಿಕೊಳ್ಳುತ್ತದೆ. ಚಿತ್ರವನ್ನು ಸೇರಿಸುವ ಮುಂಚೆಯೇ ಬೇಕಾದ ಅಳತೆಗೆ ಇಳಿಸಿ. ಸಾಲಿನ ಎತ್ತರವನ್ನೂ ಬಿಗಿಯಾಗಿ ಇಡಬೇಡಿ. ಅದು ಇಂಗ್ಲಿಷ್‌ಗೆ ಸಾಕಾದರೂ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ.

ನೀಲಿಶಾಯಿ:
ಈ ತಿಂಗಳ ಪತ್ರ ಹೋಗಿದೆ. ವರ್ಡ್‌ನ ಸ್ಟೈಲ್ ತೆಗೆದ ಮೇಲೆ ಜಿಮೇಲ್‌ನಲ್ಲಿ ಪೂರ್ತಿ ಕಾಣುತ್ತಿದೆ. ಜೆ ಹೋಗಿದೆ. ಕಚೇರಿಯವರ ಐಟಿ ವಿಭಾಗಕ್ಕೆ ಎರಡೂ ಕಡತ ಕಳಿಸಿದೆವು. ಅವರು ಫಾಂಟ್ ಬಗ್ಗೆ ಕೇಳಲಿಲ್ಲ, ನೇರವಾಗಿ ಗೇಟ್‌ವೇ ಸೆಟ್ಟಿಂಗ್ ನೋಡುತ್ತೇವೆ ಅಂದಿದ್ದಾರೆ.

ಒಂದು ಸಣ್ಣದು ಉಳಿದಿದೆ. ಒಬ್ಬರ ಪ್ರತಿಯಲ್ಲಿ 'ಸಾಫ್ಟ್‌ವೇರ್' ಅನ್ನೋ ಪದ 'ಸಾಫ್ಟ್ವೇರ್' ಆಗಿದೆ. ಉಳಿದ ಪದಗಳೆಲ್ಲ ಸರಿ.

ಹೊಂಗೆಮರ:
ಅಲ್ಲಿ ಟ ಮತ್ತು ವ ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಸಂಕೇತ ಇರುತ್ತದೆ. ಅದನ್ನು ಝೀರೋ ವಿಡ್ತ್ ನಾನ್ ಜಾಯ್ನರ್ ಅನ್ನುತ್ತಾರೆ. ಸ್ಪ್ಯಾಮ್ ಕಳಿಸುವವರು ಪದಗಳನ್ನು ಮರೆಮಾಚಲು ಇಂಥ ಸಂಕೇತಗಳನ್ನೇ ಬಳಸುವುದರಿಂದ ಕೆಲವು ಸೋಸುವ ವ್ಯವಸ್ಥೆಗಳು ಇದನ್ನು ತೆಗೆದುಹಾಕುತ್ತವೆ. ಆ ಒಬ್ಬರು ಕಚೇರಿ ಮೇಲ್‌ನವರೇ ಆಗಿದ್ದರೆ ಐಟಿಯವರಿಗೆ ಇದನ್ನೂ ಸೇರಿಸಿ ಬರೆಯಿರಿ. ಬೇರೆಯವರಾಗಿದ್ದರೆ ಅವರ ಪ್ರತಿಯ ಮೂಲರೂಪ ತರಿಸಿ, ನೋಡೋಣ.

ನೀಲಿಶಾಯಿ:
ಅವರೇ. ಈಗಲೇ ಬರೆಯುತ್ತೇನೆ.